ಪ್ರೋಗ್ ಮೆಟಲ್‌ಗೆ ಡ್ರಮ್ಸ್ ಮೇಲೆ ಯಾವ ಸ್ಕಿನ್ ಹಾಕಬೇಕು? ನುಡಿಸುವವರು ಹೇಳಿ

ವಿಜಯನಗರದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರಿ ಪ್ರೋಗ್ರೆಸಿವ್ ಮೆಟಲ್ ನುಡಿಸುತ್ತೇವೆ. ನಮ್ಮದೇ ಹಾಡುಗಳು, ಜಾಸ್ತಿ 7/8, 5/4 ತಾಳಗಳಲ್ಲೇ ಇವೆ. ನನ್ನ ಡ್ರಮ್ ಕಿಟ್‌ನಲ್ಲಿ 22 ಇಂಚಿನ ಕಿಕ್ (ಪೆಡಲ್ ತುಳಿದು ಬಾರಿಸುವ ದೊಡ್ಡ ಡ್ರಮ್), 10, 12, 16ರ ಟಾಮ್‌ಗಳು, 14ರ ಸ್ನೇರ್ (ಕೆಳಗೆ ತಂತಿ ಇರುವ ಡ್ರಮ್) ಇದೆ. ಕೊಂಡಾಗ ಬಂದ ಸ್ಕಿನ್ನುಗಳೇ ಇನ್ನೂ ಇವೆ, ಮೂರು ವರ್ಷ ಆಯ್ತು. ಡಬಲ್ ಪೆಡಲ್‌ನಲ್ಲಿ ನಿಮಿಷಕ್ಕೆ 180 ಬೀಟಿನ ವೇಗಕ್ಕೆ ಹೋದರೆ ಕಿಕ್ ಬರೀ ಗುಡುಗುಡು ಅಂತ ಕೇಳುತ್ತದೆ, ಒಂದೊಂದು ಏಟು ಬೇರೆ ಬೇರೆ ಕೇಳುವುದಿಲ್ಲ. ಟಾಮ್‌ಗಳು ಗುಂಯ್ ಅನ್ನುವುದನ್ನು ನಿಲ್ಲಿಸುವುದೇ ಇಲ್ಲ. ಮೆಟಲ್ ಅಂದ್ರೆ ದಪ್ಪ ಸ್ಕಿನ್ನೇ ಬೇಕು ಅಂತ ಸುಮಾರು ಜನ ಹೇಳುತ್ತಾರೆ. ಅದು ನಿಜಾನಾ? ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವಷ್ಟು ದುಡ್ಡು ಈಗ ಇಲ್ಲ. ಯಾವುದರಿಂದ ಶುರು ಮಾಡಲಿ?

ಬನಶಂಕರಿಯಿಂದ

ಮೊದಲು ಕಿಕ್ ಸರಿ ಮಾಡಿ ಗುರು. ಇರುವ ದುಡ್ಡನ್ನೆಲ್ಲ ಅದಕ್ಕೇ ಹಾಕಿದರೂ ತಪ್ಪಿಲ್ಲ. ನಾನು ಆರು ವರ್ಷದಿಂದ ಇವ್ಯಾನ್ಸ್ ಕಂಪನಿಯ ಇಮ್ಯಾಡ್ ಅನ್ನುವ ಕಿಕ್ ಹೆಡ್ (ಸ್ಕಿನ್ನಿಗೇ ಹೆಡ್ ಅಂತಲೂ ಅನ್ನುತ್ತಾರೆ) ಬಳಸುತ್ತಿದ್ದೇನೆ. ಅದರ ಜೊತೆ ಫೋಮಿನ ಎರಡು ಉಂಗುರ ಬರುತ್ತವೆ, ಒಂದು ಅಗಲದ್ದು, ಒಂದು ಸಣ್ಣದು. ಹೊರಗಿನಿಂದಲೇ ಸಿಕ್ಕಿಸಬಹುದು, ಹೆಡ್ ಬಿಚ್ಚಬೇಕಾಗಿಲ್ಲ. ನಿಮ್ಮ ತೊಂದರೆಗೆ ಅಗಲದ್ದು ಹಾಕಿ. ಮುಂಚೆ ನಾನು ಕಿಕ್ ಒಳಗೆ ದಿಂಬು ತುರುಕುತ್ತಿದ್ದೆ. ಗುಂಯ್ ಏನೋ ಹೋಯಿತು, ಆದರೆ ಬೀಟರ್ (ಪೆಡಲ್ ತುಳಿದಾಗ ಕಿಕ್ಕನ್ನು ಬಡಿಯುವ ಸುತ್ತಿಗೆ) ವಾಪಸ್ ಚಿಮ್ಮುತ್ತಿರಲಿಲ್ಲ, ಅರ್ಧ ಗಂಟೆಗೆ ಕಾಲು ಹಿಡಿದುಕೊಳ್ಳುತ್ತಿತ್ತು.

ಡಬಲ್ ಪೆಡಲ್ ಅಂದಿರಲ್ಲ, ಎರಡು ಬೀಟರ್ ಎರಡು ಜಾಗದಲ್ಲಿ ಬಡಿಯುತ್ತವೆ. ಹಾಗಾಗಿ ಬೀಟರ್ ತಾಗುವ ಜಾಗಕ್ಕೆ ಅಂಟಿಸುವ ಪ್ಯಾಚ್ ಎರಡಕ್ಕೂ ಸಾಲುವ ಅಗಲದ್ದು ತೆಗೆದುಕೊಳ್ಳಿ. ಅಂಟಿಸುವ ಮುಂಚೆ ಹೆಡ್ ಚೆನ್ನಾಗಿ ಒರೆಸಿ. ನಾನು ಧೂಳಿನ ಮೇಲೇ ಅಂಟಿಸಿದ್ದೆ, ಇಂದಿರಾನಗರದ ಒಂದು ಶೋನಲ್ಲಿ ಮೂರನೇ ಹಾಡಿಗೇ ಜಾರಿಬಿಟ್ಟಿತು. ಬೀಟರ್ ಫೆಲ್ಟಿನದಾದರೆ ಒಂದು ಸಲ ಪ್ಲಾಸ್ಟಿಕ್ ಬದಿಯಿಂದ ಬಡಿದು ನೋಡಿ. ಹೊಸ ಹೆಡ್ ಇಲ್ಲದೆಯೂ ಅರ್ಧ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಮಲ್ಲೇಶ್ವರದಿಂದ

ಕಿಕ್‌ನಿಂದ ಶುರು ಮಾಡಿ ಅನ್ನುವುದು ನನ್ನದೂ ಮಾತು. ಆದರೆ "ಮೆಟಲ್ ಅಂದ್ರೆ ದಪ್ಪ" ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಾನು ಇದನ್ನೇ ನಂಬಿ ಐದು ವರ್ಷ ನುಡಿಸಿದವನು.

180ರ ವೇಗದಲ್ಲಿ ಬೀಟಿಗೆ ನಾಲ್ಕು ಏಟು ಅಂದ್ರೆ ಸೆಕೆಂಡಿಗೆ 12 ಏಟು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಇರುವುದು ಸುಮಾರು 83 ಮಿಲಿಸೆಕೆಂಡ್. ಅಷ್ಟರೊಳಗೆ ಸದ್ದು ಹುಟ್ಟಿ, ಕೇಳಿಸಿ, ಇಳಿಯಬೇಕು. ಇಳಿಯಲಿಲ್ಲ ಅಂದ್ರೆ ಮುಂದಿನ ಏಟು ಅದರ ಮೇಲೇ ಬೀಳುತ್ತದೆ. ನಿಮಗೆ ಗುಡುಗುಡು ಅಂತ ಕೇಳುತ್ತಿರುವುದು ಇದೇ. ಇದರ ಮೇಲೆ ಗಿಟಾರ್ ಬೇರೆ. ಏಳು ತಂತಿಯ ಗಿಟಾರಿನ ಕೆಳಗಿನ ಬಿ ಸ್ವರ ಸುಮಾರು 62 ಹರ್ಟ್ಸ್. 22ರ ಕಿಕ್ಕಿನ ದಪ್ಪ ದನಿಯೂ ಅದೇ ಆಸುಪಾಸಿನಲ್ಲಿ ಕೂರುತ್ತದೆ. ಅಂದ ಮೇಲೆ ಜ್ಯಾಮ್ ರೂಮಿನಲ್ಲಿ ನಿಮ್ಮ ಕಾಲು ಕೇಳಿಸುವುದು ಆ ದಪ್ಪ ದನಿಯಿಂದಲ್ಲ, ಬೀಟರ್ ತಾಗಿದಾಗ ಬರುವ ಟಕ್ ಅನ್ನುವ ಸದ್ದಿನಿಂದ. ಕಿಕ್ಕಿಗೆ ಬೇಕಾದದ್ದು ಬೇಗ ಇಳಿಯುವ ಸದ್ದು ಮತ್ತು ಚೊಕ್ಕ ಟಕ್. ಇಮ್ಯಾಡ್ ಆಗಬಹುದು, ರೆಮೋ ಪವರ್‌ಸ್ಟ್ರೋಕ್ 3 ಆಗಬಹುದು, ಆಕ್ವೇರಿಯನ್ ಸೂಪರ್ ಕಿಕ್ ಆಗಬಹುದು. ಮೂರರಲ್ಲೂ ಗುಂಯ್ ತಡೆಯುವ ಏರ್ಪಾಡು ಹೆಡ್‌ನಲ್ಲೇ ಇದೆ. ಕಿಕ್ಕಿನ ಮುಂಬದಿಯ ಹೆಡ್‌ನಲ್ಲಿ ಮಧ್ಯ ಬಿಟ್ಟು ಪಕ್ಕಕ್ಕೆ ನಾಲ್ಕೈದು ಇಂಚಿನ ತೂತು ಇದ್ದರೆ ಮೈಕ್ ಇಡಲೂ ಅನುಕೂಲ.

ಸ್ನೇರ್‌ನಲ್ಲಿ ನಾನು ಎಡವಿದೆ. ಎರಡು ಪದರ, ಒಂದೊಂದೂ 10 ಮಿಲ್ (ಒಂದು ಮಿಲ್ ಅಂದ್ರೆ ಇಂಚಿನ ಸಾವಿರದ ಒಂದು ಭಾಗ), ಕೆಳಗೆ ಮಧ್ಯದಲ್ಲಿ ಅಂಟಿಸಿದ ಚುಕ್ಕಿ, ಅಂಥ ದಪ್ಪದ್ದನ್ನು ಹಾಕಿದ್ದೆ. ಜೋರಾಗಿ ಬಡಿದಾಗ ತುಂಬ ಚೆನ್ನಾಗಿತ್ತು. ಆದರೆ ನಮ್ಮ ಹಾಡುಗಳಲ್ಲಿ ಜೋರು ಏಟುಗಳ ನಡುವೆ ಮೆಲ್ಲಗೆ ಉದುರುವ ಘೋಸ್ಟ್ ನೋಟ್‌ಗಳು ಇರುತ್ತವಲ್ಲ, ಅವು ಒಂದೂ ಕೇಳಿಸುತ್ತಿರಲಿಲ್ಲ. ದಪ್ಪ ಸ್ಕಿನ್ ಮೆಲ್ಲನೆಯ ಏಟಿಗೆ ಅಲುಗುವುದೇ ಕಡಿಮೆ. ಏಳರ ತಾಳ ಏಳರದು ಅಂತ ಕೇಳುವವರಿಗೆ ಗೊತ್ತಾಗುವುದೇ ಆ ಸಣ್ಣ ಏಟುಗಳಿಂದ. ಆಮೇಲೆ 10 ಮಿಲ್‌ನ ಒಂದೇ ಪದರದ ಕೋಟೆಡ್ (ಮೇಲೆ ಒರಟು ಲೇಪ ಇರುವುದು), ಕೆಳಗೆ ಚುಕ್ಕಿ ಇರುವುದಕ್ಕೆ ಬಂದೆ. ಬೇಗ ತಗ್ಗು ಬೀಳುತ್ತದೆ, ಹೌದು. ಆದರೆ ಕೈ ಹೇಳಿದ್ದು ಕಿವಿಗೆ ಕೇಳುತ್ತದೆ. ಅದನ್ನು ಈಗ ಯಾವ ಬೆಲೆಗೂ ಬಿಡುವುದಿಲ್ಲ.

ಟಾಮ್‌ಗಳಿಗೆ ಮಾತ್ರ ಎರಡು ಪದರದ್ದು ಸರಿ. ರೆಮೋ ಎಂಪರರ್, ಇವ್ಯಾನ್ಸ್ ಜಿ2, ಎರಡರಲ್ಲೂ 7 ಮಿಲ್‌ನ ಎರಡು ಪದರ. ಗುಂಯ್ ಇನ್ನೂ ಬೇಗ ನಿಲ್ಲಬೇಕಾದರೆ ರೆಮೋ ಪಿನ್‌ಸ್ಟ್ರೈಪ್ ಅಥವಾ ಇವ್ಯಾನ್ಸ್ ಇಸಿ2. ಎರಡು ಪದರದ ನಡುವೆ ಎಣ್ಣೆ ಇರುವ ಹೈಡ್ರಾಲಿಕ್ ಬೇಡ. ಟಾಮ್‌ಗಳ ಶ್ರುತಿಯೇ ಒಂದಕ್ಕೊಂದು ಬೇರೆ ಅನಿಸದೆ ಎಲ್ಲವೂ ದಬ್ ದಬ್ ಆಗುತ್ತವೆ, ಇದು ನನ್ನ ಕಿವಿಯ ಮಾತು.

ಇನ್ನೊಂದು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ನಾನು ಎರಡಕ್ಕೂ ಹೋಗಿದ್ದೆ. ಕಿಕ್ ಎದೆಗೇ ಬಂದು ಬಡಿದಂತಿತ್ತು. ಮನೆಗೆ ಬಂದು ಅದೇ ಸದ್ದು ಬೇಕು ಅಂತ ದಪ್ಪ ಸ್ಕಿನ್ ಹುಡುಕಿದೆ. ಅಷ್ಟು ದೊಡ್ಡ ವೇದಿಕೆಯಲ್ಲಿ ನಮಗೆ ಕೇಳುವುದು ಮೈಕು, ಮಿಕ್ಸರ್, ಸ್ಪೀಕರ್ ದಾಟಿ ಬಂದ ಸದ್ದು. ಹತ್ತಡಿ ರೂಮಿನಲ್ಲಿ ನಾವು ಕೇಳುವುದು ಸ್ಕಿನ್ನನ್ನೇ. ಎರಡನ್ನೂ ಹೋಲಿಸಬೇಡಿ.

ಕಮ್ಮನಹಳ್ಳಿಯಿಂದ

ಮಲ್ಲೇಶ್ವರದವರ ಸ್ನೇರ್ ಮಾತು ಪೂರ್ತಿ ಒಪ್ಪುತ್ತೇನೆ, ಟಾಮ್ ಮಾತು ಒಪ್ಪುವುದಿಲ್ಲ. 10 ಇಂಚಿನ ಟಾಮ್‌ಗೆ ಎರಡು ಪದರ ಹಾಕಿದರೆ ನನಗೆ ರಟ್ಟಿನ ಡಬ್ಬ ಬಡಿದ ಹಾಗೆ ಕೇಳುತ್ತದೆ. 10ಕ್ಕೂ 12ಕ್ಕೂ ಒಂದೇ ಪದರದ ರೆಮೋ ಅಂಬಾಸಡರ್ ಹಾಕಿ, 16ಕ್ಕೆ ಮಾತ್ರ ಎಂಪರರ್ ಹಾಕಿದ್ದೇನೆ. ಸಣ್ಣ ಟಾಮ್ ಹಾಡುತ್ತದೆ, ದೊಡ್ಡದು ಗುದ್ದುತ್ತದೆ. ರೆಕಾರ್ಡಿಂಗ್‌ನಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಸ್ನೇರ್‌ನ ಕೆಳಗಿನ ಹೆಡ್ ಬಗ್ಗೆ ಯಾರೂ ಹೇಳಲಿಲ್ಲ. ಅದು ಬೇರೆಯದೇ ಜಾತಿ, ಸಾಮಾನ್ಯವಾಗಿ 3 ಮಿಲ್, ಕಾಗದದಷ್ಟು ತೆಳು. ಒಂದು ಅಂಗಡಿಯಲ್ಲಿ ನನಗೆ "14 ಅಂದ್ರೆ 14, ಎಲ್ಲಾ ಒಂದೇ" ಅಂತ ಮಾಮೂಲಿ ಟಾಮ್ ಹೆಡ್ ಕೊಟ್ಟು ಕಳಿಸಿದರು. ಕೆಳಗಿನ ಹೆಡ್‌ಗೆ ತಾಗಿ ಗರಗರ ಅನ್ನುವ ಸ್ನೇರ್ ವೈರ್ ಬಿಗಿ ಮಾಡಿದರೂ ಸಡಿಲ ಮಾಡಿದರೂ ಸದ್ದೇ ಬರಲಿಲ್ಲ. ಒಂದು ವಾರ ವೈರ್‌ನದೇ ತಪ್ಪು ಅಂದುಕೊಂಡಿದ್ದೆ. ಡಬ್ಬದ ಮೇಲೆ ಸ್ನೇರ್ ಸೈಡ್ ಅಂತ ಬರೆದಿದೆಯಾ ನೋಡಿಯೇ ದುಡ್ಡು ಕೊಡಿ.

ವಿಜಯನಗರದಿಂದ ಮತ್ತೆ

ತುಂಬ ಉಪಯೋಗ ಆಯ್ತು. ಎರಡು ಸಣ್ಣ ಪ್ರಶ್ನೆ. ಮಳೆಗಾಲದಲ್ಲಿ ನಮ್ಮ ರೂಮ್ ತುಂಬ ತಂಪು, ಗೋಡೆಯೇ ಒದ್ದೆ ಇರುತ್ತದೆ, ಸ್ಕಿನ್ನಿಗೆ ಏನಾದರೂ ಆಗುತ್ತದಾ? ಕೆಳಗಿನ ಹೆಡ್‌ಗಳನ್ನೂ ಬದಲಾಯಿಸಲೇಬೇಕಾ?

ಬಸವನಗುಡಿಯಿಂದ

ನಾನು ಮೃದಂಗದಿಂದ ಡ್ರಮ್ಸಿಗೆ ಬಂದವನು. ಮಳೆಗೆ ಹೆದರಬೇಡಿ. ಚರ್ಮವಾಗಿದ್ದರೆ ಹೆದರಬೇಕಿತ್ತು. ತಮಟೆಯವರು ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸುವುದನ್ನು ನೋಡಿದ್ದೀರಲ್ಲ, ಒದ್ದೆ ಹವೆಗೆ ಚರ್ಮ ಸಡಿಲ ಆಗುತ್ತದೆ. ನಿಮ್ಮದು ಪಾಲಿಯೆಸ್ಟರ್ ಹಾಳೆ, ನೀರು ಕುಡಿಯುವುದಿಲ್ಲ. 1957ರಲ್ಲಿ ಶುರುವಾದ ರೆಮೋ ಕಂಪನಿ ತನ್ನ ಹೆಡ್‌ಗಳಿಗೆ ವೆದರ್ ಕಿಂಗ್ ಅಂತ ಹೆಸರಿಟ್ಟಿದ್ದೂ ಅದಕ್ಕೇ. ತುಕ್ಕು ಹಿಡಿಯುವುದು ಲಗ್ (ಹೆಡ್ ಬಿಗಿ ಮಾಡುವ ತಿರುಪಿನ ಜಾಗ) ಮತ್ತು ಸ್ನೇರ್ ವೈರ್, ಅವನ್ನು ಒರೆಸಿಡಿ.

ಗುಂಯ್ ಬಗ್ಗೆ ಒಂದು ಮಾತು. ಮೃದಂಗದ ಎಡಕ್ಕೆ ಕಛೇರಿಗೆ ಮುಂಚೆ ರವೆ ಕಲಸಿ ಅಂಟಿಸುತ್ತೇವೆ, ಭಾರ ಸೇರಿದರೆ ದನಿ ಇಳಿಯುತ್ತದೆ. ಎಷ್ಟು ಹಚ್ಚಬೇಕು ಅನ್ನುವುದನ್ನು ಅಳತೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ, ಸ್ವಲ್ಪ ಹಚ್ಚಿ ಕೇಳು, ಇನ್ನೂ ಸ್ವಲ್ಪ ಹಚ್ಚಿ ಕೇಳು, ಅಷ್ಟೇ. ಟಾಮ್ ಮೇಲೆ ಗುಂಯ್ ತಡೆಯುವ ಜೆಲ್ ತುಂಡು ಅಂಟಿಸುವಾಗಲೂ ಹಾಗೇ ಮಾಡಿ. ಅರ್ಧ ತುಂಡು, ಅಂಚಿನ ಹತ್ತಿರ. ಅಷ್ಟಕ್ಕೇ ನಿಂತರೆ ದೊಡ್ಡದು ಹಾಕಲೇಬೇಡಿ. ಮತ್ತೆ, ಏಳನ್ನು ತಕಿಟ ತಕದಿಮಿ ಅಂತ ಬಾಯಲ್ಲಿ ಹೇಳಿಕೊಂಡು ಹೊಸ ಸ್ಕಿನ್ ಮೇಲೆ ಮೆಲ್ಲಗೆ ನುಡಿಸಿ ನೋಡಿ. ಬಾಯಿ ಹೇಳಿದ ಅಕ್ಷರ ಅಷ್ಟೂ ಸ್ಕಿನ್‌ನಿಂದ ಬರುತ್ತಿದ್ದರೆ ಆ ಸ್ಕಿನ್ ನಿಮಗೆ ಸರಿ.

ಮಲ್ಲೇಶ್ವರದಿಂದ

ಕೆಳಗಿನದನ್ನು ಈಗಲೇ ಬದಲಾಯಿಸಬೇಕಿಲ್ಲ, ಅದಕ್ಕೆ ಕೋಲು ತಾಗುವುದಿಲ್ಲ, ತುಂಬ ದಿನ ಬರುತ್ತದೆ. ಆದರೆ ಶ್ರುತಿ ಮಾಡುವಾಗ ಬಿಡಬೇಡಿ. ಮೇಲಿನದೂ ಕೆಳಗಿನದೂ ಒಂದೇ ಶ್ರುತಿಯಲ್ಲಿದ್ದರೆ ಟಾಮ್ ಉದ್ದಕ್ಕೆ ಗುಂಯ್ ಅನ್ನುತ್ತದೆ. ನಿಮ್ಮದು ಹಾಗೇ ಆಗಿರಬಹುದು. ಕೆಳಗಿನದನ್ನು ಸ್ವಲ್ಪ ಏರಿಸಿ, ಬೇಗ ಇಳಿಯುತ್ತದೆ. ಹೊಸದು ಕೊಳ್ಳುವ ಮುಂಚೆಯೇ ಇವತ್ತು ಸಂಜೆ ಇದನ್ನು ಮಾಡಿ ನೋಡಿ.

ಹೊಸ ಹೆಡ್ ಹಾಕುವಾಗ ಶೆಲ್ಲಿನ, ಅಂದ್ರೆ ಡ್ರಮ್ಮಿನ ಮೈಯ, ಅಂಚನ್ನು ಬಟ್ಟೆಯಲ್ಲಿ ಒರೆಸಿ, ಲಗ್‌ಗಳನ್ನೆಲ್ಲ ಮೊದಲು ಬೆರಳಲ್ಲೇ ಬಿಗಿ ಮಾಡಿ, ಆಮೇಲೆ ಕೀ ಹಿಡಿದು ಒಂದರ ಎದುರಿಗೆ ಒಂದು, ಸಲಕ್ಕೆ ಅರ್ಧ ಸುತ್ತು. ಪ್ರತಿ ಲಗ್‌ನಿಂದ ಒಂದು ಇಂಚು ಒಳಗೆ ತಟ್ಟಿ ಕೇಳಿ, ಎಲ್ಲ ಕಡೆ ಒಂದೇ ಸ್ವರ ಬರಬೇಕು. ಒಂದು ಕಡೆ ತಗ್ಗಿದ್ದರೂ ಎಷ್ಟು ದುಡ್ಡಿನ ಸ್ಕಿನ್ ಆದರೂ ಗುಂಯ್ ಹೋಗುವುದಿಲ್ಲ.

ಕಮ್ಮನಹಳ್ಳಿಯವರೇ, 10ಕ್ಕೆ ಒಂದೇ ಪದರ ಅಂದಿರಲ್ಲ, ನಾನು ಯಾವತ್ತೂ ಹಾಕಿ ನೋಡಿಲ್ಲ. ಮುಂದಿನ ಸಲ ಅದನ್ನೇ ತರುತ್ತೇನೆ. ನುಡಿಸಿ ನೋಡಿ ಇಲ್ಲೇ ಬರೆಯುತ್ತೇನೆ.