ಪ್ರೆಸ್ ಶಾಪಿನಲ್ಲಿ ಗಾರ್ಡ್ ಬಿಚ್ಚಿ ಕೆಲಸ ಮಾಡುವುದನ್ನು ಸೂಪರ್‌ವೈಸರ್ ಆದವನು ತಡೆಯುವುದು ಹೇಗೆ?

ಪ್ರಶ್ನೆ: ಎರಡನೇ ಪಾಳಿ

ಪೀಣ್ಯದ ಒಂದು ಸಣ್ಣ ಪ್ರೆಸ್ ಶಾಪಿನಲ್ಲಿ ಒಂಬತ್ತು ವರ್ಷ ಆಪರೇಟರ್ ಆಗಿದ್ದ ನನ್ನನ್ನು ಮೂರು ತಿಂಗಳ ಹಿಂದೆ ಎರಡನೇ ಪಾಳಿಯ ಸೂಪರ್‌ವೈಸರ್ ಮಾಡಿದ್ದಾರೆ. ಪಾಳಿಯಲ್ಲಿ ಹದಿನಾಲ್ಕು ಜನರಿದ್ದೇವೆ. ಐವರು ನನ್ನೊಂದಿಗೇ ಕೆಲಸ ಕಲಿತವರು. ಉಳಿದವರಲ್ಲಿ ಹೆಚ್ಚಿನವರು ಒಡಿಶಾ, ಬಿಹಾರಗಳಿಂದ ಬಂದ ಹುಡುಗರು. ಆರು ಪವರ್ ಪ್ರೆಸ್‌ಗಳ ಪೈಕಿ ನಾಲ್ಕು ಹಳೆಯ ಪಿನ್ ಕ್ಲಚ್ಚಿನವು, ಎರಡು ಗಾಳಿ ಕ್ಲಚ್ಚಿನವು (ಕ್ಲಚ್ ಎಂದರೆ ಮೋಟಾರಿನ ಓಟವನ್ನು ಪ್ರೆಸ್ಸಿಗೆ ಜೋಡಿಸುವ, ಬಿಡಿಸುವ ಭಾಗ).

ಡೈ, ಅಂದರೆ ತಗಡಿಗೆ ಆಕಾರ ಕೊಡುವ ಅಚ್ಚಿನೊಳಗೆ ಕೈ ಹೋಗದಂತೆ ತಡೆಯುವ ಗಾರ್ಡನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟು ಕೆಲಸ ಮಾಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಎರಡು ಕೈಗಳಿಂದ ಒತ್ತಬೇಕಾದ ಗುಂಡಿಗಳಲ್ಲಿ ಒಂದಕ್ಕೆ ಟೇಪು ಸುತ್ತಿ, ಅದು ಒತ್ತಿದಂತೆಯೇ ಇರುವ ಹಾಗೆ ಮಾಡಿ, ಬಿಡುವಾದ ಕೈಯಿಂದ ಬ್ಲ್ಯಾಂಕ್ (ಒತ್ತಬೇಕಾದ ತಗಡಿನ ತುಂಡು) ಇಡುತ್ತಾರೆ. ನಾನು ಹತ್ತಿರ ಹೋಗಿ ಹೇಳಿದರೆ ಸರಿಪಡಿಸಿಕೊಳ್ಳುತ್ತಾರೆ; ವೆಲ್ಡಿಂಗ್ ಕಡೆ ತಿರುಗಿದ ಕೂಡಲೇ ಮತ್ತೆ ಬಿಚ್ಚುತ್ತಾರೆ. ಹಳೆಯ ಗೆಳೆಯರಂತೂ, “ಟೇಪು ಸುತ್ತುವುದನ್ನು ನಮಗೆ ಕಲಿಸಿದವನೇ ನೀನಲ್ಲವೇನೋ” ಎಂದು ನಗುತ್ತಾರೆ. ಅದು ಸುಳ್ಳೂ ಅಲ್ಲ.

ಮ್ಯಾನೇಜರ್ ಸಾಹೇಬರು ರಾತ್ರಿ ಎಂಟಕ್ಕೆ ಫೋನ್ ಮಾಡಿ ಕೇಳುವುದು ಕೌಂಟ್ ಒಂದನ್ನೇ. ಕಳೆದ ತಿಂಗಳು ಒಬ್ಬ ಹುಡುಗನ ತೋರುಬೆರಳಿನ ತುದಿ ಜಜ್ಜಿತು, ಮೂಳೆ ಉಳಿಯಿತು. ಪಕ್ಕದ ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕಿಸಿ ಸುಮ್ಮನಾದೆವು. ಅಂದಿನಿಂದ ನನಗೆ ಸಮಾಧಾನವಿಲ್ಲ. ಬೈಯದೆ, ದೂರು ಕೊಡದೆ ಇವರನ್ನು ದಾರಿಗೆ ತರುವ ಉಪಾಯವಿದ್ದರೆ ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಸುರಕ್ಷತಾಧಿಕಾರಿ

ನೀವು ಟೇಪು ಸುತ್ತಲು ಕಲಿಸಿದ್ದನ್ನು ಮರೆಮಾಚದೆ ಬರೆದಿದ್ದೀರಿ. ಅದನ್ನು ನಿಮ್ಮ ಪಾಳಿಯವರ ಮುಂದೆಯೂ ಹಾಗೆಯೇ ಒಪ್ಪಿಕೊಳ್ಳಿ. ಅವರು ಆಗಲೇ ಬಲ್ಲ ಸಂಗತಿಯನ್ನು ನೀವು ಮುಚ್ಚಿಟ್ಟರೆ ಮುಂದಿನ ಮಾತುಗಳನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆಮೇಲೆ, ಗಾರ್ಡ್ ಹಾಕಿ ಎಂದು ಹೇಳುವುದನ್ನು ಎರಡು ದಿನ ನಿಲ್ಲಿಸಿ, ಪ್ರತಿಯೊಂದು ಪ್ರೆಸ್ಸಿನ ಪಕ್ಕದಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ನಿಂತು ನೋಡಿ. (ಕೈ ಒಳಗಿರುವಾಗಲೇ ಪ್ರೆಸ್ ಓಡುತ್ತಿರುವುದು ಕಂಡರೆ ಮಾತ್ರ ಆ ಕ್ಷಣವೇ ನಿಲ್ಲಿಸಿ.) ಹೊತ್ತು ಹೋಗದೆ ಗಾರ್ಡ್ ಬಿಚ್ಚುವವನನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಬಿಲ್ಲೆ ಡೈಯಲ್ಲಿ ಅಂಟಿಕೊಳ್ಳುತ್ತದೆ, ತಗಡನ್ನು ಬಿಡಿಸುವ ಸ್ಟ್ರಿಪ್ಪರ್ ಸ್ಪ್ರಿಂಗ್ ಸತ್ತಿರುತ್ತದೆ, ಜಾಲರಿಯ ಹಿಂದೆ ಬೆಳಕು ಸಾಲದೆ, ತಗಡನ್ನು ತಾಗಿಸಿ ನಿಲ್ಲಿಸುವ ಸ್ಟಾಪರ್ ಕಾಣುವುದಿಲ್ಲ, ಅಥವಾ ಡೈ ಬದಲಿಸಿದಾಗಲೆಲ್ಲ ನಾಲ್ಕು ಬೋಲ್ಟ್ ಬಿಚ್ಚಿ ಕಟ್ಟಲು ಹತ್ತು ನಿಮಿಷ ಹಿಡಿಯುತ್ತದೆ. ಅಂಟುವ ಬಿಲ್ಲೆಗೆ ಅದನ್ನು ತಳ್ಳಿ ಹೊರಹಾಕುವ ನಾಕೌಟ್ ಅಥವಾ ಗಾಳಿಯ ನಳಿಗೆ, ಕತ್ತಲೆಗೆ ಒಂದು ದೀಪ, ಬೋಲ್ಟಿಗೆ ಬದಲಾಗಿ ಕೀಲು ಹಾಕಿದ ಗಾರ್ಡ್: ಇವುಗಳಿಗೆ ತಗಲುವ ಖರ್ಚು ದೊಡ್ಡದಲ್ಲ. ಕೈ ಒಳಗೆ ಹೋಗಲೇಬೇಕಾದ ಅಗತ್ಯವನ್ನು ತೆಗೆದುಹಾಕದೆ ಕೈ ಹಾಕಬೇಡ ಎಂದು ಹೇಳುತ್ತಿದ್ದರೆ ಆ ಮಾತು ಸವೆದುಹೋಗುತ್ತದೆ.

ನಿಮ್ಮ ನಾಲ್ಕು ಪಿನ್ ಕ್ಲಚ್ ಪ್ರೆಸ್‌ಗಳ ಬಗ್ಗೆ ನನಗೆ ಹೆಚ್ಚಿನ ಆತಂಕವಿದೆ. ಪಿನ್ ಒಮ್ಮೆ ಕಚ್ಚಿಕೊಂಡಿತೆಂದರೆ ರ್‍ಯಾಮ್ (ಮೇಲೆ ಕೆಳಗೆ ಓಡಿ ಡೈಯನ್ನು ಒತ್ತುವ ಭಾಗ) ಒಂದು ಸುತ್ತು ಮುಗಿಸಿಯೇ ನಿಲ್ಲುತ್ತದೆ. ನಡುವೆ ಯಾವ ಗುಂಡಿ ಒತ್ತಿದರೂ ಫಲವಿಲ್ಲ. ಆದ್ದರಿಂದಲೇ ಇಂತಹ ಪ್ರೆಸ್ಸಿಗೆ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಬೆಳಕಿನ ಪರದೆ) ಹಾಕಿಸಿದರೆ ದುಡ್ಡು ದಂಡ. ಎರಡು ಗುಂಡಿಗಳಿದ್ದರೂ ಸಾಲದು: ಯಂತ್ರಸುರಕ್ಷತೆಯ ಲೆಕ್ಕಗಳಲ್ಲಿ ಕೈಯ ವೇಗವನ್ನು ಸೆಕೆಂಡಿಗೆ 1.6 ಮೀಟರ್ ಎಂದು ಹಿಡಿಯುತ್ತಾರೆ. ನಿಮಿಷಕ್ಕೆ 60 ಸ್ಟ್ರೋಕ್ ಹೊಡೆಯುವ ಪ್ರೆಸ್ಸಿನಲ್ಲಿ ರ್‍ಯಾಮ್ ಕೆಳಗಿಳಿಯಲು ಅರ್ಧ ಸೆಕೆಂಡ್ ಬೇಕು. ಅಷ್ಟರಲ್ಲಿ ಗುಂಡಿ ಬಿಟ್ಟ ಕೈ 80 ಸೆಂಟಿಮೀಟರ್ ಸಾಗಿ ಡೈಯೊಳಗೆ ಇರಬಲ್ಲದು. ಪಿನ್ ಸವೆದರೆ ಅಥವಾ ಸ್ಪ್ರಿಂಗ್ ಮುರಿದರೆ ಪೆಡಲ್ ತುಳಿಯದೆಯೇ ಎರಡನೇ ಸ್ಟ್ರೋಕ್ ಬೀಳುವುದನ್ನು ನೀವೇ ಕಂಡಿರುತ್ತೀರಿ. ಅಂತಹ ಪ್ರೆಸ್‌ಗಳಿಗೆ, ಶೀಟು ಮಾತ್ರ ತೂರಿ ಬೆರಳು ತೂರದಷ್ಟು, ಅಂದರೆ ಸುಮಾರು 6 ಮಿಲಿಮೀಟರ್ ಸಂದು ಇರುವ ಸ್ಥಿರ ಗಾರ್ಡೇ ಸರಿ. ಅದು ಸಾಧ್ಯವಿಲ್ಲದ ಕೆಲಸಕ್ಕೆ ಇಕ್ಕಳ ಅಥವಾ ಅಯಸ್ಕಾಂತದ ಕೋಲು ಕೊಡಿ. ಡಬಲ್ ಸ್ಟ್ರೋಕ್ ಒಮ್ಮೆ ಬಿದ್ದರೂ ಪ್ರೆಸ್ ನಿಲ್ಲಿಸಿ, ಫಿಟ್ಟರ್ ಬಂದು ಪಿನ್ ನೋಡುವವರೆಗೆ ಓಡಿಸಬೇಡಿ.

ನಡುವೆಯೇ ನಿಲ್ಲಿಸಬಹುದಾದ ಗಾಳಿ ಕ್ಲಚ್ಚಿನ ಎರಡಕ್ಕೆ ದಾರಿ ಸುಲಭ. ಪ್ರತಿ ಸ್ಟ್ರೋಕಿಗೂ ಎರಡೂ ಗುಂಡಿಗಳನ್ನು ಬಿಟ್ಟು ಮತ್ತೆ ಒಟ್ಟಿಗೆ ಒತ್ತಿದರಷ್ಟೇ ಓಡುವ ಕಂಟ್ರೋಲ್ ಹಾಕಿಸಿದರೆ ಟೇಪಿನ ಆಟ ನಡೆಯುವುದಿಲ್ಲ.

ಡೈ ಸೆಟ್ಟಿಂಗ್ ವೇಳೆ ಮೋಟಾರ್ ಆರಿಸಿದರೂ ಫ್ಲೈವೀಲ್ (ಪ್ರೆಸ್ಸಿನ ಭಾರದ ಗಾಲಿ) ಸುತ್ತುತ್ತಲೇ ಇರುತ್ತದೆ. ಅದು ಪೂರ್ತಿ ನಿಂತು, ಮೇನ್ ಸ್ವಿಚ್ಚಿಗೆ ಬೀಗ ಬಿದ್ದು, ರ್‍ಯಾಮ್ ಕೆಳಗೆ ಅದು ಬೀಳದಂತೆ ತಡೆಯುವ ಸೇಫ್ಟಿ ಬ್ಲಾಕ್ ಕೂತ ಮೇಲೆಯೇ ಕೈ ಹಾಕತಕ್ಕದ್ದು. ಬೀಗದ ಕೈ ಸೆಟ್ಟರ್‌ನ ಜೇಬಿನಲ್ಲಿರಬೇಕೇ ಹೊರತು ನಿಮ್ಮ ಮೇಜಿನ ಮೇಲಲ್ಲ.

ಉತ್ತರ 2: ಬಿಡಿಭಾಗ ಕಾರ್ಖಾನೆಯ ಶಿಫ್ಟ್ ಇನ್‌ಚಾರ್ಜ್

ಹಿರಿಯರ ಮಾತನ್ನು ಗೌರವಿಸುತ್ತೇನೆ. ಆದರೆ ಇಷ್ಟೆಲ್ಲ ಮಾಡಿಕೊಟ್ಟ ಮೇಲೂ ಗಾರ್ಡ್ ಬಿಚ್ಚುವವನೊಬ್ಬ ಇದ್ದೇ ಇರುತ್ತಾನೆ. ಸುರಕ್ಷತಾ ಸಾಧನಗಳಿಗೆ ಕೈಹಚ್ಚಬಾರದೆಂಬ ಹೊಣೆಯನ್ನು 1948ರ ಕಾರ್ಖಾನೆ ಕಾಯ್ದೆಯೇ ಕಾರ್ಮಿಕನ ಮೇಲೂ ಹೊರಿಸಿತ್ತು. ಒಬ್ಬನಿಗೆ ದಂಡ ಬಿದ್ದರೆ ಹತ್ತು ಜನ ಸರಿಹೋಗುತ್ತಾರೆ ಎಂಬುದು ನನ್ನ ಅನುಭವ. ಮಾರ್ಚ್ 4ರ ಸುರಕ್ಷತಾ ದಿನದಂದು ಪ್ರತಿಜ್ಞೆ ಮಾಡಿಸಿ ಬ್ಯಾನರ್ ಕಟ್ಟಿದರೆ 5ನೇ ತಾರೀಖು ಗಾರ್ಡ್ ಗೋಡೆಗೇ ಒರಗಿರುತ್ತದೆ.

ಉತ್ತರ 3: ಎಡಗೈ ಆಪರೇಟರ್

ದಂಡದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಸಂಬಳದ ಶೇ. 3ಕ್ಕಿಂತ ಹೆಚ್ಚು ದಂಡ ಹಾಕಲು ವೇತನ ಕಾನೂನು ಬಿಡುವುದಿಲ್ಲ; ಹಾಕುವ ಮೊದಲು ಕಾರ್ಮಿಕನ ವಿವರಣೆಯನ್ನೂ ಕೇಳಬೇಕು. ಅದಕ್ಕಿಂತ ಮುಖ್ಯವಾಗಿ, ದಂಡ ಬೀಳುತ್ತದೆಂದು ಗೊತ್ತಾದರೆ ಹುಡುಗರು ಸಣ್ಣ ಗಾಯಗಳನ್ನು ಮುಚ್ಚಿಡುತ್ತಾರೆ. ಡಬಲ್ ಸ್ಟ್ರೋಕ್ ಬಿದ್ದುದನ್ನೂ ಹೇಳುವುದಿಲ್ಲ. ಹೇಳಿದರೆ ಗಾರ್ಡ್ ಏಕೆ ಇರಲಿಲ್ಲ ಎಂಬ ಪ್ರಶ್ನೆ ಬರುತ್ತದಲ್ಲ!

ನನ್ನ ಬಲಗೈ ತೋರುಬೆರಳಿನ ಎರಡು ಗೆಣ್ಣುಗಳು ಹೋಗಿವೆ. ಪರಿಹಾರದ ಪಟ್ಟಿಯಲ್ಲಿ ಪೂರ್ತಿ ತೋರುಬೆರಳಿಗೆ ಶೇ. 14, ಎರಡು ಗೆಣ್ಣಿಗೆ ಶೇ. 11, ಹೆಬ್ಬೆರಳಿಗೆ ಶೇ. 30 ಎಂದು ದುಡಿಯುವ ಶಕ್ತಿಯ ನಷ್ಟವನ್ನು ಬರೆದಿದ್ದಾರೆ. ಅಂಗಿಯ ಗುಂಡಿ ಹಾಕಿಕೊಳ್ಳುವುದು, ಅನ್ನ ಕಲಸುವುದು ಆ ಲೆಕ್ಕದಲ್ಲಿ ಬರುವುದಿಲ್ಲ. ಆ ರಾತ್ರಿ ನಮ್ಮ ಸೂಪರ್‌ವೈಸರ್ ಗಾರ್ಡ್ ಬಿಚ್ಚು ಎಂದು ಹೇಳಿರಲಿಲ್ಲ. ಗಾರ್ಡ್ ಕೆಳಗಿದ್ದುದನ್ನು ನೋಡಿದರು, “ಇನ್ನೂ ಮುನ್ನೂರು ಪೀಸ್ ಬಾಕಿ ಇದೆಯಲ್ಲಪ್ಪಾ” ಎಂದು ಹೇಳಿ ಮುಂದೆ ಹೋದರು. ನನಗೆ ಅದು ಅಪ್ಪಣೆಯಂತೆಯೇ ಕೇಳಿಸಿತು.

ಪ್ರಶ್ನೆ ಕೇಳಿದವರೇ, ಆ ಹುಡುಗನ ಗಾಯವನ್ನು ಅಪಘಾತದ ಪುಸ್ತಕದಲ್ಲಿ ಬರೆಯಿಸಿ, ಇಎಸ್‌ಐಗೂ (ಕಾರ್ಮಿಕರ ಸರ್ಕಾರಿ ವಿಮೆಗೂ) ವರದಿ ಕಳುಹಿಸಿ. ನಾಳೆ ಆ ಬೆರಳು ಮಡಚಲು ಬಾರದಿದ್ದರೆ ಅವನ ಬಳಿ ಯಾವ ಕಾಗದವೂ ಇರುವುದಿಲ್ಲ.

ಪ್ರಶ್ನೆ ಕೇಳಿದವರ ಮರುಬರಹ, ಐದು ವಾರಗಳ ನಂತರ

ಎಲ್ಲರಿಗೂ ನಮಸ್ಕಾರ. ಗಾಯದ ವರದಿಯನ್ನು ತಡವಾಗಿಯಾದರೂ ಕಳುಹಿಸಿದ್ದೇವೆ. ಮ್ಯಾನೇಜರ್ ಸಾಹೇಬರಿಗೆ ಅದು ಹಿಡಿಸಲಿಲ್ಲ.

ಹಿರಿಯರು ಹೇಳಿದಂತೆ ನಿಂತು ನೋಡಿದೆ. ಮೂರನೇ ಪ್ರೆಸ್ಸಿನಲ್ಲಿ ಪ್ರತಿ ಏಳೆಂಟು ಪೀಸಿಗೆ ಒಂದು ಬಿಲ್ಲೆ ಅಂಟುತ್ತಿತ್ತು. ಒಂಬತ್ತು ವರ್ಷ ಅದೇ ಪ್ರೆಸ್ಸಿನಲ್ಲಿ ನಾನೂ ಬೆರಳಿನಿಂದಲೇ ಎಬ್ಬಿಸಿದ್ದೆ. ಟೂಲ್ ರೂಮಿನವರು ಸ್ಪ್ರಿಂಗ್ ಬದಲಿಸಿ ಗಾಳಿಯ ನಳಿಗೆ ಕೂರಿಸಿದ ಮೇಲೆ ಅಲ್ಲಿನ ಹುಡುಗ ನಾನು ಹೇಳದೆಯೇ ಗಾರ್ಡ್ ಹಾಕಿಕೊಂಡ. ಆ ಪ್ರೆಸ್ಸಿನ ಕೌಂಟ್ ಕಡಿಮೆಯಾಗಿಲ್ಲ. ಪಾಳಿ ಶುರುವಾಗುವಾಗ ಐದು ನಿಮಿಷ ಎಲ್ಲರೂ ಸೇರುತ್ತೇವೆ. ಒಡಿಶಾದ ಹುಡುಗರಲ್ಲಿ ಹಿರಿಯನಾದವನು ನನ್ನ ಮಾತನ್ನು ಒಡಿಯಾದಲ್ಲಿ ಹೇಳುತ್ತಾನೆ. ಅವನು ಹೇಳಿದ ಮೇಲೆಯೇ ಎರಡನೇ ಪ್ರೆಸ್ಸಿನಲ್ಲಿ ವಾರಕ್ಕೊಮ್ಮೆಯಾದರೂ ಡಬಲ್ ಸ್ಟ್ರೋಕ್ ಬೀಳುತ್ತಿದ್ದ ಸಂಗತಿ ಹೊರಬಿದ್ದದ್ದು.

ಆ ಪ್ರೆಸ್ಸನ್ನು ಕಳೆದ ಗುರುವಾರ ಸಂಜೆ ಆರೂವರೆಗೆ ನಿಲ್ಲಿಸಿದೆ. ಎಂಟಕ್ಕೆ ಫೋನ್ ಬಂತು. ಆರುನೂರು ಪೀಸ್ ಕಡಿಮೆ ಬರುತ್ತದೆ, ಪಿನ್ ಸವೆದಿದೆ, ಬರವಣಿಗೆಯಲ್ಲಿ ನೀವು ಹೇಳಿದರೆ ಓಡಿಸುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟರು. ಹೊಸ ಪಿನ್ ಶನಿವಾರ ಬಂತು. ಟೇಪು ಸುತ್ತದಂತೆ ಮಾಡುವ ಕಂಟ್ರೋಲ್ ಇನ್ನೂ ಬಂದಿಲ್ಲ; ಅಲ್ಲಿಯವರೆಗೆ ಗಾಳಿ ಕ್ಲಚ್ಚಿನ ಎರಡು ಪ್ರೆಸ್‌ಗಳಿಗೆ ಯಾವ ಬಗೆಯ ಗಾರ್ಡ್ ಕೂರಿಸಬಹುದೆಂದು ಹಿರಿಯರು ತಿಳಿಸಿದರೆ ಉಪಕಾರವಾಗುತ್ತದೆ. ಟೇಬಲ್ಲಿನಿಂದ ಡೈ ಮೇಲ್ಮೈಗೆ 240 ಮಿಲಿಮೀಟರ್ ಎತ್ತರವಿದೆ, ಬ್ಲ್ಯಾಂಕಿನ ದಪ್ಪ 1.6 ಮಿಲಿಮೀಟರ್.