1905ರ ಲಂಡನ್ ಬ್ಲೌಸ್: ಮುಂದೆ ಉಬ್ಬು ಬರ್ತಿಲ್ಲ, ಸರಿಯಾದ ಪ್ಯಾಟರ್ನ್ ಎಲ್ಲಿ ಸಿಗುತ್ತೆ?

ರಂಗಸಜ್ಜು:
ನಮ್ಮ ನಾಟಕ ನಡೆಯೋದು 1905ರ ಲಂಡನ್‌ನಲ್ಲಿ. ನಾಯಕಿಗೆ ಎತ್ತರದ ಕಾಲರಿನ ಬಿಳಿ ಬ್ಲೌಸ್, ಉದ್ದ ಲಂಗ ಬೇಕು. 'ಎಡ್ವರ್ಡಿಯನ್' ಅಂತ ಹುಡುಕಿ ಒಂದು ಪಿಡಿಎಫ್ ಪ್ಯಾಟರ್ನ್ (ಬಟ್ಟೆ ಕತ್ತರಿಸೋ ನಕ್ಷೆ) ಕೊಂಡೆ, ಕೋರಾ ಬಟ್ಟೆಯಲ್ಲಿ ಹೊಲಿದು ನೋಡಿದೆ. ಹಳೇ ಫೋಟೋಗಳಲ್ಲಿ ಎದೆ ಮುಂದೆ ಬಟ್ಟೆ ಪಾರಿವಾಳದ ಹಾಗೆ ಉಬ್ಬಿ ಸೊಂಟದ ಮೇಲೆ ಜೋತಿರುತ್ತೆ ಅಲ್ವಾ? ಇದು ಮಟ್ಟಸವಾಗಿ ಕೂತಿದೆ. ಸೊಂಟವೂ ಮೇಲೆ ಬಂದಿದೆ. ಅಳತೆಯೆಲ್ಲ ಸರಿಯಿದೆ.

ಸೂಜಿದಾರ:
ಪ್ಯಾಟರ್ನ್ ಯಾವ ವರ್ಷದ್ದು?

ರಂಗಸಜ್ಜು:
ಮೂಲೆಯಲ್ಲಿ ಸಣ್ಣಕ್ಷರದಲ್ಲಿ 1911 ಅಂತಿದೆ.

ಸೂಜಿದಾರ:
ಹಾಗಾದರೆ ಹೊಲಿಗೆಯ ತಪ್ಪಲ್ಲ. 'ಎಡ್ವರ್ಡಿಯನ್' ಅನ್ನೋದು ಇಂಗ್ಲೆಂಡಿನ ದೊರೆ ಏಳನೇ ಎಡ್ವರ್ಡ್ ಹೆಸರಿಂದ ಬಂದದ್ದು, ಅವರು ಆಳಿದ್ದು 1901ರಿಂದ 1910. ಆದರೆ 1914ರವರೆಗಿನದ್ದನ್ನೂ ಅದೇ ಹೆಸರಲ್ಲಿ ಮಾರುತ್ತಾರೆ. 1908ರ ಸುಮಾರಿಗೆ ಆ ಉಬ್ಬು ಇಳಿಯಿತು, ಸೊಂಟ ಮೇಲೇರಿತು, ಉಡುಪು ನೇರವಾಯಿತು. ದೊರೆಯ ಹೆಸರು ಬಿಡಿ, '1905 ಶರ್ಟ್‌ವೇಸ್ಟ್' (ಆಗಿನ ಬ್ಲೌಸಿನ ಹೆಸರು) ಅಂತ ವರ್ಷ ಹಾಕಿ ಹುಡುಕಿ. ಪ್ಯಾಟರ್ನ್ ಕಂಪನಿ ಫೋಕ್‌ವೇರ್‌ನ ನಂಬರ್ 205 ಗಿಬ್ಸನ್ ಗರ್ಲ್ ಬ್ಲೌಸ್, 209 ವಾಕಿಂಗ್ ಸ್ಕರ್ಟ್ ನೋಡಿ. ಟ್ರೂಲಿ ವಿಕ್ಟೋರಿಯನ್ ಅನ್ನೋ ಇನ್ನೊಂದು ಕಂಪನಿಯವರ ಹೆಸರು ನೋಡಿ, ಹಿಂದಿನ ರಾಣಿ ವಿಕ್ಟೋರಿಯಾ ಕಾಲದ್ದು ಮಾತ್ರ ಅಂದುಕೊಂಡು ಮುಂದೆ ಹೋಗಬೇಡಿ, ಅವರಲ್ಲಿ ಈ ಕಾಲದ್ದೂ ಇದೆ. ಜಾನೆಟ್ ಆರ್ನಲ್ಡ್ ಅವರ 'ಪ್ಯಾಟರ್ನ್ಸ್ ಆಫ್ ಫ್ಯಾಷನ್' ಪುಸ್ತಕದ 2ನೇ ಭಾಗ ಚೆನ್ನಾಗಿದೆ, ಆದರೆ ಅದರ ಪ್ಯಾಟರ್ನ್‌ಗಳು ಎಂಟನೇ ಒಂದು ಅಳತೆಯಲ್ಲಿವೆ. ದೊಡ್ಡದು ಮಾಡಿ, ನಿಮ್ಮ ನಟಿಗೆ ಹೊಂದಿಸುವಷ್ಟರಲ್ಲಿ ಸಾಕಪ್ಪಾ ಅನ್ನಿಸುತ್ತೆ. ನಾಟಕದ ಗಡಿಬಿಡಿಯಲ್ಲಿ ಬೇಡ.

ಹಳೇಮಷೀನು:
ಬಟ್ಟೆಯನ್ನೂ ಬದಲಿಸಿ. ಕೋರಾ ದಪ್ಪ, ಜೋತು ಬೀಳಲ್ಲ. ವಾಯಿಲ್ ಅಥವಾ ಮಲ್ ತಗೊಳ್ಳಿ. ಆ ಬ್ಲೌಸಿನ ಮುಂಭಾಗ ಬೆನ್ನಿಗಿಂತ ಉದ್ದ ಇರುತ್ತೆ. ಸೊಂಟಕ್ಕೆ ಒಳಗಡೆ ಲಾಡಿ ಹೊಲಿದು ಕಟ್ಟಿ, ನೆರಿಗೆಯನ್ನೆಲ್ಲ ಮುಂದಕ್ಕೆ ತಳ್ಳಿ, ಬೆನ್ನು ಬಿಗಿಯಾಗಿರಲಿ. ಆಗ ಮುಂದಿನ ಬಟ್ಟೆ ತಾನೇ ಲಾಡಿ ಮೇಲೆ ಮಡಚಿ ಬೀಳುತ್ತೆ. ಕಾರ್ಸೆಟ್ (ಸೊಂಟ ಬಿಗಿಯುವ ಒಳಉಡುಪು) ಹಾಕಿಸಲ್ಲ ಅಂದರೆ ಒಳಗೆ ಒಂದು ತೆಳು ಬಾಡಿ, ಅದರ ಎದೆಗೆ ಅಡ್ಡಡ್ಡ ಮೂರ್ನಾಲ್ಕು ಸಾಲು ಗಂಜಿ ಹಾಕಿದ ಫ್ರಿಲ್. ಆಗಿನವರೂ ಹೀಗೆ ಫ್ರಿಲ್ ಇಟ್ಟೇ ಎದೆ ತುಂಬಿಸುತ್ತಿದ್ದರು.

ಪಿಡಿಎಫ್ ಪ್ರಿಂಟ್ ಹಾಕುವಾಗ 'ಫಿಟ್ ಟು ಪೇಜ್' ತೆಗೆದು 100% ಇಡಿ. ಮೊದಲ ಹಾಳೆಯಲ್ಲಿ ಅಳತೆ ಪರೀಕ್ಷೆಗೆ ಇರುವ ಚೌಕವನ್ನು ಸ್ಕೇಲಿಟ್ಟು ನೋಡದೆ ಕತ್ತರಿ ಹಿಡೀಬೇಡಿ.

ರಂಗಸಜ್ಜು:
1911ರದ್ದನ್ನೇ ಸರಿ ಮಾಡೋಕೆ ಆಗಲ್ವಾ?

ಹಳೇಮಷೀನು:
ಕಾಲರ್ ಉಳಿಸಿಕೊಳ್ಳಬಹುದು. ಮುಂಭಾಗ, ತೋಳು ಹೊಸದೇ ಬೇಕು. 1905ರ ತೋಳು ಉಬ್ಬಿರುತ್ತೆ, ನಿಮ್ಮದು ಸಪೂರ. ಹೊಸ ಪ್ಯಾಟರ್ನ್ ತಗೊಳ್ಳೋದೇ ವಾಸಿ.