ಕಬ್ಬಿಗೆ ರಸ್ತಾ ರೋಕೋ ನಡಿತೈತಿ, ಮಹದಾಯಿಗೆ ಯಾಕ ನಡಿಯಂಗಿಲ್ಲ?

ಮುಧೋಳ ಮಂದಿ (ಪ್ರಶ್ನೆ)

ನಮಸ್ಕಾರ್ರೀ ಎಲ್ಲಾರಿಗೂ. 2025ರ ನವೆಂಬರಿನಾಗ ಬೆಳಗಾವಿ ಜಿಲ್ಲಾದ ಗುರ್ಲಾಪುರ ಕ್ರಾಸಿನ್ಯಾಗ ಕಬ್ಬು ಬೆಳೆಗಾರರು ರಸ್ತಾ ಹಿಡದು ಕುಂತ್ರು. ಬೇಡಿಕಿ ಟನ್ನಿಗೆ 3,500. ಹತ್ತು ದಿನ ತುಂಬೂದರಾಗ ಮುಖ್ಯಮಂತ್ರಿಗಳು ಕಾರ್ಖಾನಿ ಮಾಲಕರನ್ನ ಕರಸಿ 3,300 ಅಂತ ಗೆರಿ ಎಳದ್ರು. ಅದ ರಸ್ತಾ, ಅದ ಬಂದ್, ಅದ ಟೈರ್ ಸುಡೂದು ಮಹದಾಯಿ ನದಿ ನೀರಿನ ಸಲುವಾಗಿ 2015ರಿಂದ ನಡದೈತಿ. ಕಣಕುಂಬಿಯಿಂದ ಮಲಪ್ರಭಾಕ್ಕ ನೀರು ತಿರುಗಿಲ್ಲ. ಬಾಗಲಕೋಟಿ–ಕುಡಚಿ ರೈಲು 2010-11ರಾಗ ಮಂಜೂರಾಗಿದ್ದು, ಎಷ್ಟ ಧರಣಿ ಆದ್ರೂ ಕುಡಚಿ ಮುಟ್ಟವಲ್ತು.

ಎಲ್ಲಾ ಕಡೆ ಮಾಡೂದು "ತಡೀತೀವಿ, ಮುಚ್ಚಸ್ತೀವಿ, ಓಟು ಹಾಕಂಗಿಲ್ಲ" ಅನ್ನೂ ರಾಜಕಾರಣನ. ಒಂದು ಕಡೆ ನಡಿತೈತಿ, ಇನ್ನೊಂದು ಕಡೆ ಇಲ್ಲ. "ಒಗ್ಗಟ್ಟಿಲ್ಲ, ಮುಖಂಡ್ರು ಮಾರಿಕೊಂಡ್ರು" ಅನ್ನೂ ಉತ್ತರ ಬ್ಯಾಡ್ರೀ, ಅದು ಎಲ್ಲಾ ಹೋರಾಟದಾಗೂ ಇರೂದ. ಲೆಕ್ಕ ಬಿಡಿಸಿ ಹೇಳ್ರಿ. ರೈಲಿನ ಸಲುವಾಗಿ ತಾಲೂಕು ಬಂದ್ ಮಾಡೂ ಮಾತು ನಡದೈತಿ, ಅದಕ್ಕ ಕೇಳಾಕತ್ತೀನಿ.

ಘಟಪ್ರಭಾ ದಂಡಿ

ನೀವು ಏನು ಹಿಡದೀರಿ, ಅದು ಇವತ್ತ ಯಾರಿಗೆ ಬೇಕಾಗೈತಿ ಅನ್ನೂದನ್ನ ಮೊದಲ ನೋಡ್ರಿ. ಗುರ್ಲಾಪುರದಾಗ ರೈತರು ಹಿಡದಿದ್ದು ರಸ್ತಾ ಅಲ್ರೀ, ಕಬ್ಬು. ರಸ್ತಾ ಬರೇ ತೋರಸಾಕ.

ದಿನಕ್ಕ 10,000 ಟನ್ ನುರಿಸೂ ಕಾರ್ಖಾನಿ ತಗೋರಿ. ಇಳುವರಿ ಶೇ. 10.5 ಅಂದ್ರ 1,050 ಟನ್ ಸಕ್ಕರಿ, ಅಂದ್ರ 10,500 ಕ್ವಿಂಟಲ್. 2019ರಾಗ ಕೇಂದ್ರ ಸಕ್ಕರಿಗೆ ಗೊತ್ತು ಮಾಡಿದ ಕನಿಷ್ಠ ದರ ಕೆಜಿಗೆ 31 ಹಿಡದ್ರೂ ದಿನಕ್ಕ ಮೂರೂಕಾಲು ಕೋಟಿ ಮಾಲು. ಇದು ಮುಳಗಿದ ರೊಕ್ಕ ಅಲ್ಲ ಖರೆ, ಮುಂದಕ್ಕ ಹೋದ ರೊಕ್ಕ. ಕಬ್ಬು ಹೊಲದಾಗ ನಿಂತಿರತೈತಿ. ಆದ್ರ ಗಡಿ ದಾಟಿದ್ರ ಕೊಲ್ಹಾಪುರ, ಸಾಂಗ್ಲಿ ಕಾರ್ಖಾನಿ ಅದಾವು. ಅಥಣಿ, ಚಿಕ್ಕೋಡಿ ಕಡೆ ಕಬ್ಬು ಒಮ್ಮೆ ಅತ್ತ ಹೋತಂದ್ರ ಆ ಹಂಗಾಮಿಗೆ ತಿರುಗಿ ಬರಂಗಿಲ್ಲ. ಇತ್ತ ಕಟಾವು ಗ್ಯಾಂಗಿಗೆ ಮುಂಗಡ ಕೊಟ್ಟಾಗಿರತೈತಿ, ಗ್ಯಾಂಗು ಟ್ರಾಲಿ ಖಾಲಿ ಕುಂತಿರತಾವು. ಮಾಲಕಗ ದಿನಾ ಮುಂಜಾನೆದ್ದು ಲೆಕ್ಕ ಕಾಣತೈತಿ.

ಇನ್ನೊಂದು, ಜಗಳ ಇದ್ದಿದ್ದು ಅಂಕಿದು. ಅದನ್ನ ನಡಕ ಕಡಿಬಹುದು. 2025-26ರಾಗ ಕೇಂದ್ರ ಕಬ್ಬಿಗೆ ಗೊತ್ತು ಮಾಡಿದ ಕನಿಷ್ಠ ದರ ಅಂದ್ರ ಎಫ್‌ಆರ್‌ಪಿ ಶೇ. 10.25 ಇಳುವರಿಗೆ ಕ್ವಿಂಟಲಿಗೆ 355, ಮ್ಯಾಲ ಪ್ರತಿ 0.1ಕ್ಕ 3.46. ಶೇ. 11.25 ಬಂದ್ರ ಟನ್ನಿಗೆ 3,896 ಆಗತೈತಿ. ಕಟಾವು-ಸಾಗಾಟ ಅಂತ ಏಳೆಂಟು ನೂರು ಮುರಕೊಂಡ್ರ ಉಳಿಯೂದು 3,100ರ ಆಜೂಬಾಜೂ. ರೈತರು ಕೇಳಿದ್ದು ಅದೆಲ್ಲಾ ಬಿಟ್ಟು ಕೈಗೆ 3,500. ಅಂದ್ರ ಜಗಳ ನಾಕನೂರು ರೂಪಾಯಿದು. ಕಾರ್ಖಾನಿ 3,250, ಸರ್ಕಾರ 50 ಅಂತ ಕೂಡಿಸಿ 3,300 ಮಾಡಿ ಎಬ್ಬಿಸಿದ್ರು. ಒಂದು ಕೋಣಿ, ಒಂದು ಸಂಜಿ, ಒಂದು ಸಹಿ.

ಕೆಡೂದು ಎಲ್ಲಿ ಅಂದ್ರ, ಕಡದ ಕಬ್ಬನ್ನ ತಡದಾಗ. ಕಡದ ಮರುದಿನದಿಂದ ತೂಕನೂ ಇಳಿತೈತಿ, ಸಕ್ಕರಿ ಅಂಶನೂ ಇಳಿತೈತಿ. ತುಂಬಿದ ಟ್ರಾಲಿ ನಿಲ್ಲಿಸಿದ್ರ ಹೊಡತ ಬೀಳೂದು ಇನ್ನೊಬ್ಬ ರೈತಗ, ಟ್ರ್ಯಾಕ್ಟರಿನ ಕಂತು ಕಟ್ಟೂ ಹುಡುಗಗ. ಕಟಾವು ನಿಲ್ಲಸ್ರಿ, ಟ್ರಾಲಿ ನಿಲ್ಲಸಬ್ಯಾಡ್ರಿ. ಅದ ನವೆಂಬರಿನಾಗ ನಿಮ್ಮ ಕಡೆ ಕಬ್ಬಿನ ಟ್ರಾಲಿಗೆ ಬೆಂಕಿ ಬಿದ್ದ ಮ್ಯಾಲ ಮಾತು ದರ ಬಿಟ್ಟು "ಹಚ್ಚಿದವರು ಯಾರು" ಅನ್ನೂದಕ್ಕ ತಿರುಗಿತು, ನೋಡಿದ್ರಲ್ಲ.

ಕಣಕುಂಬಿ ಮಳೆ

ಮೇಲಿನವರು ಹೇಳಿದ್ದಕ್ಕೆ ಮಹದಾಯಿಯ ಕಡೆಯಿಂದ ಒಂದು ಮಾತು. 2016ರ ಜುಲೈ 27ಕ್ಕೆ ನ್ಯಾಯಮಂಡಳಿ 7.56 ಟಿಎಂಸಿಯ ಮಧ್ಯಂತರ ಅರ್ಜಿ ತಳ್ಳಿಹಾಕಿತು, 30ಕ್ಕೆ ಕರ್ನಾಟಕ ಬಂದ್ ಆಯಿತು. ಬಂದ್ ಪೂರ್ತಿ ಯಶಸ್ವಿ. ಹುಬ್ಬಳ್ಳಿ, ಬೆಳಗಾವಿ ಬಸ್ ನಿಲ್ದಾಣ ಖಾಲಿ. ಆದರೆ ತೀರ್ಪು ಕೊಡುವ ನ್ಯಾಯಮೂರ್ತಿಗಳು ದೆಹಲಿಯಲ್ಲಿ, ನೀರು ಬಿಡುವುದಿಲ್ಲ ಎನ್ನುವವರು ಪಣಜಿಯಲ್ಲಿ. ನವಲಗುಂದದ ಅಂಗಡಿ ಮುಚ್ಚಿದರೆ ಇಬ್ಬರಲ್ಲಿ ಯಾರ ಚಹಾ ತಪ್ಪುತ್ತದೆ?

2018ರ ಆಗಸ್ಟ್ 14ಕ್ಕೆ ಐತೀರ್ಪು ಬಂತು. ನಮಗೆ 13.42 ಟಿಎಂಸಿ, ಅದರಲ್ಲಿ 8.02 ವಿದ್ಯುತ್ತಿಗೆ, 1.5 ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಲು ಉಳಿದದ್ದು 3.9: ಕಳಸಾದಿಂದ 1.72, ಬಂಡೂರಿಯಿಂದ 2.18. ಗೆಜೆಟ್ ಅಧಿಸೂಚನೆ 2020ರ ಫೆಬ್ರವರಿಯಲ್ಲಿ, ವಿವರವಾದ ಯೋಜನಾ ವರದಿ ಅಂದರೆ ಡಿಪಿಆರ್‌ಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ 2022ರ ಡಿಸೆಂಬರಿನಲ್ಲಿ. ಮುಂದಿನ ತಿಂಗಳೇ ಗೋವಾದ ಮುಖ್ಯ ವನ್ಯಜೀವಿ ಪರಿಪಾಲಕರು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಮಿನಡಿ ನೋಟಿಸ್ ಕೊಟ್ಟರು.

ಇಲ್ಲಿ ಗಮನಿಸಿ, ಗೋವಾ ಮಾಡುತ್ತಿರುವುದೂ ತಡೆಯುವ ರಾಜಕಾರಣವೇ, ಮತ್ತು ಅದು ಚೆನ್ನಾಗಿ ನಡೆಯುತ್ತಿದೆ! ಯೋಜನೆ ಮುಗಿಯಲು ಅರಣ್ಯ, ವನ್ಯಜೀವಿ, ಪರಿಸರ, ಕೋರ್ಟು ಎಂದು ಎಲ್ಲ ಬಾಗಿಲೂ ತೆರೆಯಬೇಕು. ನಿಲ್ಲಿಸಲು ಒಂದೇ ಬಾಗಿಲಿಗೆ ಅಗಳಿ ಹಾಕಿದರೆ ಸಾಕು. ಬೇಡ ಎನ್ನುವವನಿಗೆ ಒಂದು ಗೆಲುವು ಬೇಕು, ಬೇಕು ಎನ್ನುವವನಿಗೆ ಹತ್ತೂ ಬೇಕು. ನಾವು ಬೇಕು ಎನ್ನುವ ಕಡೆ ನಿಂತು ಬೇಡ ಎನ್ನುವವರ ಆಯುಧ ಬೀಸುತ್ತಿದ್ದೇವೆ.

ಅಂದ ಹಾಗೆ ಬೇಡ ಎನ್ನುವವರು ಖಾನಾಪುರ ತಾಲ್ಲೂಕಿನಲ್ಲೂ ಇದ್ದಾರೆ. ಭೀಮಗಡದ ಕಾಡು, ಮಲಪ್ರಭೆಯ ಮೂಲ ಅವರ ವಾದ. ಅವರನ್ನು ಗೋವಾದ ಏಜೆಂಟರು ಎಂದು ಬೈಯುವುದರಿಂದ ಒಂದು ಕಡತವೂ ಮುಂದೆ ಹೋಗಿಲ್ಲ.

ಮುಧೋಳ ಮಂದಿ

ತಿಳೀತ್ರೀ. ಆದ್ರ 1980ರ ನರಗುಂದ, ನವಲಗುಂದ? ಅಲ್ಲಿ ಕಾರ್ಖಾನಿನೂ ಇದ್ದಿಲ್ಲ, ಕಬ್ಬೂ ಇದ್ದಿಲ್ಲ. ಆದ್ರೂ ಸರ್ಕಾರ ಅಳ್ಳಾಡಿತಲ್ರೀ.

ಕೋರ್ಟ್ ಕಟ್ಟಿ

ಅದು ಮೇಲಿನ ಲೆಕ್ಕಕ್ಕೇ ಕೂಡುತ್ತದೆ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಅಭಿವೃದ್ಧಿ ಕರ ಹೇರಿದ್ದರು. ಕಾಲುವೆ ನೀರು ಸರಿಯಾಗಿ ತಲುಪದ ಹೊಲಕ್ಕೂ ಕರ. ಕೊಡುವುದಿಲ್ಲ ಎಂದರು. ಕರ ಇದ್ದದ್ದು ರೈತನ ಕೈಯಲ್ಲೇ. ಕೊಡದಿರಲು ಯಾವ ಮಂಡಳಿಯ ಒಪ್ಪಿಗೆಯೂ ಬೇಡ. ವಸೂಲಿಗೆ ಸರ್ಕಾರವೇ ಮನೆಮನೆಗೆ ಬರಬೇಕು. ಜುಲೈ 21ರ ಗೋಲಿಬಾರಿನ ನಂತರ ಅದು ಒಂದು ಕಾಲುವೆಯ ಮಾತಾಗಿ ಉಳಿಯದೆ ರಾಜ್ಯದ ರೈತ ಚಳವಳಿಯಾಯಿತು. 1983ರಲ್ಲಿ ಕಾಂಗ್ರೆಸ್ ಮೊದಲ ಸಲ ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡದ್ದಕ್ಕೆ ಅದೊಂದೇ ಕಾರಣವಲ್ಲ, ಆದರೆ ಅದನ್ನು ಬಿಟ್ಟು ಲೆಕ್ಕ ಹಾಕಲಾಗದು.

ಬಂದ್ ಬಗ್ಗೆ ಕಾಯ್ದೆಯ ಮಾತನ್ನೂ ಹೇಳಿಬಿಡುತ್ತೇನೆ. ಒತ್ತಾಯದ ಬಂದ್ ಅಸಾಂವಿಧಾನಿಕ ಎಂದು 1997ರಲ್ಲಿ ಕೇರಳ ಹೈಕೋರ್ಟ್ ಹೇಳಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಕರಪತ್ರದಲ್ಲಿ "ಸ್ವಯಂಪ್ರೇರಿತ" ಎಂದು ಬರೆದು, ಬೀದಿಯಲ್ಲಿ ಷಟರ್ ಎಳೆಸಿದರೆ ಕರಪತ್ರ ಉಳಿಸುವುದಿಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಕ್ರಮ ಕೂಟಕ್ಕೆ ಕಲಂ 189, ಅಡ್ಡಗಟ್ಟುವುದಕ್ಕೆ 126(2), ಸಾರ್ವಜನಿಕ ರಸ್ತೆ ತಡೆಗೆ 285. ರಾಷ್ಟ್ರೀಯ ಹೆದ್ದಾರಿಗೆ ಹಾನಿಯಾದರೆ ಹೆದ್ದಾರಿ ಕಾಯ್ದೆಯ 8ಬಿ ಸೇರುತ್ತದೆ, ಐದು ವರ್ಷದ ತನಕ ಸಜೆ. ಡಾಂಬರಿನ ಮೇಲೆ ಟೈರ್ ಸುಟ್ಟರೆ ಆ ಕಲಮಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಹುಡುಗರ ಮೇಲೆ ಕೇಸು ಬಿದ್ದ ಮೇಲೆ ಹೋರಾಟದ ಮೊದಲ ಬೇಡಿಕೆ ರೈಲು ಆಗಿರುವುದಿಲ್ಲ, "ಕೇಸು ವಾಪಸ್ ಪಡೆಯಿರಿ" ಆಗುತ್ತದೆ. ಸರ್ಕಾರಕ್ಕೆ ಅದು ಬಿಟ್ಟಿ ಸಿಕ್ಕ ಚೌಕಾಶಿ.

ಟಿಳಕವಾಡಿ ಟಪಾಲು

ಒಂದೇ ಆಯುಧವನ್ನು ವರ್ಷಾ ಅದೇ ತಾರೀಖಿಗೆ ತೆಗೆದರೆ ಅದು ಪಂಚಾಂಗದೊಳಗಿನ ಹಬ್ಬವಾಗುತ್ತದೆ. ನಮ್ಮೂರಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ (ಎಂಇಎಸ್) ಮಾಡುವ ನವೆಂಬರ್ 1ರ ಕರಾಳ ದಿನ ನೋಡಿ. ಗಡಿ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ, ಮೆರವಣಿಗೆ ಬೆಳಗಾವಿಯ ರಸ್ತೆಯಲ್ಲಿ. ಅತ್ತ 2018ರಲ್ಲೂ 2023ರಲ್ಲೂ ಎಂಇಎಸ್‌ನ ಒಬ್ಬ ಶಾಸಕನೂ ಗೆಲ್ಲಲಿಲ್ಲ. ನಮ್ಮ ಕಡೆಯ ಸಂಘಟನೆಗಳಿಗೂ ಇದು ಅನ್ವಯ, ಸಿಟ್ಟಾಗಬೇಡಿ.

ಗುಮ್ಮಟದ ನೆರಳು

ಎಲ್ಲಾರೂ ಬಂದ್ ಬಗ್ಗೇನೇ ಹೇಳಿದ್ರಿ. ಹೆದರಿಕಿ ಹುಟ್ಟಿಸೂದೂ ಒಂದು ಹತಾರ ಅದ, ಅದರ ಲೆಕ್ಕ ಬ್ಯಾರೆ. 2024ರ ಅಕ್ಟೋಬರದಾಗ ನಮ್ಮ ವಿಜಯಪುರ ಜಿಲ್ಲಾದಾಗ ವಕ್ಫ್ ನೋಟಿಸಿನ ಗದ್ದಲ ಎದ್ದಿತಲ್ಲ, ಹೊನವಾಡದ್ದು. "1,200 ಎಕರೆ ಹೋತು" ಅಂತ ಸುದ್ದಿ ಹಬ್ಬಿತು. ಗೆಜೆಟ್ಟಿನಾಗ ಊರ ಹೆಸರು ತಪ್ಪಿ ಬಂದದ, ಅಲ್ಲಿರೂದು 11 ಎಕರೆ ಅಂತ ಉಸ್ತುವಾರಿ ಸಚಿವರು ಹೇಳಿದ್ರು. ಆ ಮಾತು ಯಾರಿಗೂ ಮುಟ್ಟಲಿಲ್ಲ. ನವೆಂಬರ್ ಮೊದಲ ವಾರದಾಗ ನೋಟಿಸ್ ಎಲ್ಲಾ ವಾಪಸ್ ತಗೋರಿ ಅಂತ ಮುಖ್ಯಮಂತ್ರಿ ಹೇಳಬೇಕಾತು.

ಯಾಕ ನಡೀತು? ಪಹಣಿ ಅನ್ನೂದು ಕೈಯಾಗ ಹಿಡಿಯೂ ಕಾಗದ. 11ನೇ ಕಾಲಮಿನಾಗ ಬ್ಯಾರೆ ಹೆಸರು ಕಂಡ್ರ ಪೀಕಸಾಲ ಸಿಗಂಗಿಲ್ಲ ಅನ್ನೂದು ಪ್ರತಿಯೊಬ್ಬ ರೈತಗ ಗೊತ್ತದ. ಇದ್ದದ್ದು ಹೋಗ್ತದ ಅಂದ್ರ ಮನಶಾ ರಾತ್ರಿನೇ ಎದ್ದು ಬರ್ತಾನ. ಬರೂದು ಬರ್ತದ ಅಂದ್ರ "ಬರಲಿ, ನೋಡೋಣು" ಅಂತಾನ. ಮಹದಾಯಿ ನೀರು ರೈತನ ಕೈಗೆ ಎಂದೂ ಬಂದಿದ್ದಲ್ಲ, ಹಿಂಗಾಗಿ ಕಳಕೊಂಡ ಸಿಟ್ಟು ಹುಟ್ಟಂಗಿಲ್ಲ. ಆದ್ರ ಹೆದರಿಕಿದು ಒಂದು ದೋಷ ಅದ. ನೋಟಿಸ್ ವಾಪಸ್ ಆತಂದ್ರ ಮಂದಿ ಮನಿಗಿ ಹೋಗ್ತಾರ, ದಾಖಲೆ ತಿದ್ದೂ ಕೆಲಸ ತಹಸೀಲ್ದಾರ್ ಕಚೇರಿಯಾಗ ಹಂಗ ಉಳೀತದ. ಅಂಕಿ ಉಬ್ಬಿಸಿ ಹೇಳಿದ್ರ ಮುಂದಿನ ಸಲ ಖರೇನ ಅನ್ಯಾಯ ಆದಾಗ ನಂಬೂದಿಲ್ಲ. ಮತ್ತ ಇಂಥಾ ಹೆದರಿಕಿ ಊರಾಗ ಇನ್ನೊಂದು ಓಣಿಯವರ ಮ್ಯಾಲ ಸಂಶಯ ಬಿತ್ತಿ ಹೋಗ್ತದ, ಅದನ್ನ ಯಾವ ಆದೇಶದಿಂದಲೂ ವಾಪಸ್ ತಗೊಳ್ಳಾಕ ಬರಂಗಿಲ್ಲ.

ಚುನಾವಣಿಯಾಗೂ ನೋಡ್ರಿ. ಇಬ್ಬರೇ ನಿಂತಲ್ಲಿ ಒಬ್ಬಗ ಕೆಸರು ಎರಚಿದ್ರ ಓಟು ಇನ್ನೊಬ್ಬಗ ಬರ್ತದ. ಮೂರು ಮಂದಿ ನಿಂತಲ್ಲಿ ಎರಚಿದವನ ಅಂಗಿಗೂ ಹತ್ತತದ, ಓಟು ಸುಮ್ಮ ಕುಂತ ಮೂರನೇದವಗ ಹೋಗ್ತದ. 2022-23ರಾಗ ಬಿಜೆಪಿ ಸರ್ಕಾರದ ಮ್ಯಾಲ ಕಾಂಗ್ರೆಸ್ ಮಾಡಿದ "ಶೇ. 40 ಕಮಿಷನ್" ಪ್ರಚಾರ ನಡೆದದ್ದು ಒಂದೇ ಅಂಕಿ ಇತ್ತಂತ, ಎದುರಿಗಿದ್ದವರು ಅಧಿಕಾರದಾಗ ಇದ್ರಂತ. ವಿರೋಧ ಪಕ್ಷದ ಮ್ಯಾಲ ಅದನ್ನೇ ಮಾಡಿದ್ರ ಅರ್ಧ ಬಲ ಇರ್ತಿರಲಿಲ್ಲ ಅಂತ ನನಗ ಅನಸ್ತದ.

ಮುಧೋಳ ಮಂದಿ

ಹಂಗಾದ್ರ ರೈಲಿಗೆ ಬಂದ್ ಬ್ಯಾಡ ಅಂತೀರಿ?

ಘಟಪ್ರಭಾ ದಂಡಿ

ಬಂದ್ ಬ್ಯಾಡ ಅನ್ನಂಗಿಲ್ಲ, ಏನು ತಡೀಬೇಕು ಅನ್ನೂದು ಇನ್ನ ಗೊತ್ತಿಲ್ಲ ಅಂತೀನಿ. ಮುಧೋಳ ಬಂದ್ ಆದ್ರ ರೈಲ್ವೆಗೆ ಒಂದು ಟಿಕೀಟಿನ ಹಾನಿನೂ ಇಲ್ಲ, ಅಲ್ಲಿ ರೈಲೇ ಇಲ್ಲಲ್ಲ.

142 ಕಿಲೋಮೀಟರ್ ದಾರಿ, ಬಾಗಲಕೋಟಿಯಿಂದ ಖಜ್ಜಿಡೋಣಿ ತನಕ ಮೊದಲ ಮುಗೀತು. ಉಳಿದದ್ದು ಹಳ್ಳಿ ಹಳ್ಳಿಗೆ ಬ್ಯಾರೆ ಬ್ಯಾರೆ ಕಾರಣಕ್ಕ ನಿಂತಿರತೈತಿ. ಒಂದ ದೊಡ್ಡ ಹಾಳಿ ತಗೊಂಡು ಮನಿ (ಕಾಲಂ) ಹಾಕ್ರಿ: ಊರು, ಸರ್ವೆ ನಂಬರ್, ಪ್ರಾಥಮಿಕ ಅಧಿಸೂಚನೆ ತಾರೀಖು, ಅಂತಿಮ ಅಧಿಸೂಚನೆ, ಪರಿಹಾರದ ಐತೀರ್ಪು, ರೊಕ್ಕ ಜಮಾ, ಜಾಗ ರೈಲ್ವೆಗೆ ಹಸ್ತಾಂತರ. ಯಾವ ಮನಿ ಖಾಲಿ ಐತಿ ಅನ್ನೂದ ನಿಮ್ಮ ಬೇಡಿಕಿ. "ರೈಲು ಬೇಕು" ಅಂದ್ರ "ಮಾಡೋಣು" ಅಂತಾರ. "ಈ ಹದಿನಾಲ್ಕು ಸರ್ವೆ ನಂಬರಿನ ಐತೀರ್ಪಿಗೆ ಸಹಿ ಯಾವಾಗ" ಅಂದ್ರ ಒಬ್ಬ ಅಧಿಕಾರಿ ಹೆಸರು ಹೊರಗ ಬೀಳತೈತಿ. ಆವಾಗ ಧರಣಿ ಆ ಕಚೇರಿ ಮುಂದ, ಸರ್ಕಾರ ಬೆಳಗಾವಿಗೆ ಅಧಿವೇಶನಕ್ಕ ಬಂದಾಗ.

ರೊಕ್ಕದ್ದು ಬ್ಯಾರೆ. ಕೇಂದ್ರ ಬಜೆಟ್ ಆದ ಮ್ಯಾಲ ರೈಲ್ವೆದು ಪಿಂಕ್ ಬುಕ್ ಬರತೈತಿ, ಯೋಜನಾವಾರು ಎಷ್ಟು ಇಟ್ಟಾರ ಅಂತ ಅದರಾಗ ಇರತೈತಿ. ಮಾರ್ಚಿನಾಗ ಕೂಗಿದ್ರ ಹತ್ತು ತಿಂಗಳು ತಡ. ದಸರಾ ದೀಪಾವಳಿ ಹೊತ್ತಿಗೆ ಸಂಸದರ ಕಡಿಂದ ಲೋಕಸಭಾದಾಗ ಪ್ರಶ್ನಿ ಹಾಕಸ್ರಿ, ಕನಿಷ್ಠ 15 ದಿನ ಮೊದಲ ಸೂಚನಾ ಕೊಡಬೇಕಾಗತೈತಿ. ಲಿಖಿತ ಉತ್ತರ ಬಂತಂದ್ರ ಅದನ್ನ ಹಿಡಕೊಂಡು ರಾಜ್ಯದವರನ್ನ ಕೇಳಬಹುದು. ಜಾಗ ಕೊಟ್ಟಿಲ್ಲ ಅಂತ ಅವರು, ರೊಕ್ಕ ಬಿಟ್ಟಿಲ್ಲ ಅಂತ ಇವರು ಅನ್ನೂದು ಕಾಗದದ ಮ್ಯಾಲ ಎದುರಾಬದುರಾ ಆಗತೈತಿ.

ಕೋರ್ಟ್ ಕಟ್ಟಿ

ಮಾಹಿತಿ ಹಕ್ಕಿನ ಅರ್ಜಿ ಹಾಕುವಾಗ ಎರಡು ಅರ್ಜಿ ಮಾಡಿ. ಭೂಸ್ವಾಧೀನದ್ದು ರಾಜ್ಯದ ಕಚೇರಿಗೆ, ಕಾಮಗಾರಿ ಮತ್ತು ಟೆಂಡರಿನದ್ದು ಹುಬ್ಬಳ್ಳಿಯ ನೈರುತ್ಯ ರೈಲ್ವೆಗೆ. ಶುಲ್ಕ ತಲಾ 10 ರೂಪಾಯಿ. ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪೀಠಿಕೆ ಬರೆಯುತ್ತ ಕೂತರೆ ಅದರ ಮೇಲೇ ತಿರಸ್ಕರಿಸುತ್ತಾರೆ. "ಯಾಕೆ ತಡ" ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎನ್ನುತ್ತಾರೆ. "ಇಂಥ ಊರಿನ ಅಂತಿಮ ಅಧಿಸೂಚನೆಯ ಪ್ರತಿ ಕೊಡಿ" ಎನ್ನಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಮುಧೋಳ ಮಂದಿ

ಆತ್ರೀ. ಬಂದ್ ತಾರೀಖು ಮುಂದ ಹಾಕೂದಕ್ಕ ಸಭಾದಾಗ ಹೇಳ್ತೀನಿ. ಲೋಕಾಪುರದಿಂದ ಈ ಕಡಿದು ಪಟ್ಟಿ ಮೊದಲ ತಗೀತೀವಿ, ಬಂದಷ್ಟು ಇಲ್ಲೇ ಹಾಕ್ತೀನಿ. ತೇರದಾಳ, ಕುಡಚಿ ಕಡೆ ಊರಿನವರು ಯಾರರ ಇದ್ರ ನಿಮ್ಮ ಕಡೆ ಸರ್ವೆ ನಂಬರ್ ನೀವ ತಗದು ಕೊಡ್ರಿ.